"ಅಲ್ಲಿ ಯಾರಾದ್ರೂ ಸಿಕ್ಕಿದ್ರಾ?"

ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಮೂರು ತಿಂಗಳು ಒಬ್ಬಳೇ ಇದ್ದು ಬಂದೆ. ಬಂದ ಮೇಲೆ ಎಲ್ಲರೂ ಕೇಳಿದ್ದು ಇದೊಂದೇ. ಊಟ ಹೇಗಿತ್ತು, ಚಳಿ ಇತ್ತಾ ಎಂದು ಶುರು ಮಾಡುತ್ತಾರೆ. ಲೋಟದ ಕಾಫಿ ತಳ ಮುಟ್ಟುವ ಹೊತ್ತಿಗೆ ದನಿ ಇಳಿಯುತ್ತದೆ. "ಅಲ್ಲಿ ಯಾರಾದ್ರೂ ಸಿಕ್ಕಿದ್ರಾ?"

ಅತ್ತಿಗೆ ಕೇಳಿದರು. ಆಫೀಸಿನಲ್ಲಿ ಪಕ್ಕದ ಸೀಟಿನವಳು ಕೇಳಿದಳು. ವರ್ಷಗಟ್ಟಲೆ ಮಾತಿಲ್ಲದ ಕಾಲೇಜು ಗೆಳತಿ ಅದಕ್ಕೆಂದೇ ಫೋನ್ ಮಾಡಿದಳು. ಕೆಲವರಿಗೆ ಆತಂಕ, ಕೆಲವರಿಗೆ ತುಂಟತನ. ಒಂದಿಬ್ಬರ ದನಿಯಲ್ಲಿ ಸಣ್ಣದೊಂದು ಆಸೆಯೂ ಇತ್ತು.

ಒಂದೇ ಮಾತಿನ ಉತ್ತರ ಸಾಕು ಅನ್ನುವವರಿಗೆ: ಹೌದು, ಸಿಕ್ಕರು. ನನಗಾಗ 41 ವರ್ಷ.

ಆದರೆ ಆ "ಸಿಕ್ಕಿದ್ರಾ" ಅನ್ನೋ ಪದದ ಮೇಲೇ ನನ್ನದೊಂದು ತಕರಾರಿದೆ. ಬಸ್ಸಿನಲ್ಲಿ ಸೀಟು ಸಿಗುತ್ತದೆ. ಕಳೆದುಹೋದ ಬೀಗದ ಕೈ ಸಿಗುತ್ತದೆ. ಗಂಡು ಸಿಕ್ಕಿತಾ ಎಂದು ನನ್ನ ಬಗ್ಗೆ ಹದಿನೈದು ವರ್ಷ ನೆಂಟರೆಲ್ಲ ಕೇಳಿದ್ದರು. ನೀನು ಯಾರನ್ನಾದರೂ ಆರಿಸಿಕೊಂಡ್ಯಾ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ಹಾಗೆ ಕೇಳಿದ್ದರೆ ಉತ್ತರ ಚಿಕ್ಕದಿತ್ತು. ಈಗ ಸ್ವಲ್ಪ ಉದ್ದವಾಗುತ್ತದೆ, ಕೂತ್ಕೊಳ್ಳಿ.

ಹೋಗಿದ್ದಕ್ಕೆ ದೊಡ್ಡ ಕಾರಣವಿಲ್ಲ. ಮನಸ್ಸು ಮುರಿದಿರಲಿಲ್ಲ, ಕೆಲಸ ಹೋಗಿರಲಿಲ್ಲ. ಸಂಬಳವಿಲ್ಲದ ರಜೆ ಕೊಟ್ಟರು. ಒಂದು ವರ್ಷದಿಂದ ಸುಮ್ನೆ ಸ್ಪ್ಯಾನಿಷ್ ಕಲಿಯುತ್ತಿದ್ದೆ. ಅಕ್ಟೋಬರ್‌ನಲ್ಲಿ ಹೊರಟೆ, ಅಲ್ಲಿ ಅದು ವಸಂತ. ಮೈ ಅನ್ನುವುದೊಂದಿದೆ ಎಂದು ನನಗಾಗ ನೆನಪಾಗುತ್ತಿದ್ದುದು ಬೆನ್ನು ನೋಯುವಾಗ ಮಾತ್ರ. ಫಿಸಿಯೋಥೆರಪಿಸ್ಟ್ ಬಿಟ್ಟರೆ ಆ ಬೆನ್ನನ್ನು ಯಾರೂ ಮುಟ್ಟಿ ಎಷ್ಟು ವರ್ಷವಾಗಿತ್ತೋ, ಲೆಕ್ಕ ಇಟ್ಟಿರಲಿಲ್ಲ.

ಆ ಊರಿನ ಜೋಡಿ ಕುಣಿತ ಟ್ಯಾಂಗೋ. ಅದೆಂದರೆ ನನ್ನ ತಲೆಯಲ್ಲಿದ್ದುದು ಕೆಂಪು ಲಂಗ, ಹಲ್ಲಿನ ನಡುವೆ ಗುಲಾಬಿ. ಅದು ಪ್ರವಾಸಿಗಳಿಗೆಂದು ಹಾಕುವ ವೇಷ. ಊರಿನವರು ಕುಣಿಯುವುದು ಮಿಲೋಂಗಾದಲ್ಲಿ. ಒಂದು ಹಳೇ ಹಾಲ್, ಸುತ್ತ ಮೇಜು ಕುರ್ಚಿ, ನಡುವೆ ಸವೆದ ಮರದ ನೆಲ. ರಾತ್ರಿ ಹನ್ನೊಂದಕ್ಕೆ ಜನ ಸೇರಲು ಶುರು, ಮೂರು ನಾಲ್ಕು ಗಂಟೆಗೆ ಮುಗಿಯುತ್ತದೆ. ಎಪ್ಪತ್ತು ದಾಟಿದವರು ಬೇಕಾದಷ್ಟು. ಹಾಕುವುದು ಹೆಚ್ಚಾಗಿ 1930, 40ರ ದಶಕದ ರೆಕಾರ್ಡುಗಳು. ಬಂದರಿನ ಬೀದಿಗಳಲ್ಲಿ, ಯುರೋಪಿನಿಂದ ವಲಸೆ ಬಂದವರು ಮತ್ತು ಗುಲಾಮಗಿರಿಯಲ್ಲಿ ಬಂದ ಆಫ್ರಿಕನ್ನರ ಮಕ್ಕಳು ಮೊಮ್ಮಕ್ಕಳ ನಡುವೆ ಹುಟ್ಟಿದ ಕುಣಿತ ಇದು. 2009ರಲ್ಲಿ ಯುನೆಸ್ಕೋದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೂ ಸೇರಿತು.

ಕ್ಲಾಸಿನಲ್ಲಿ ನಾಲ್ಕು ಹೆಜ್ಜೆ ಕಲಿತು ನಾನೂ ಹೋದೆ. ಮೂರು ಗಂಟೆ ಕೂತಿದ್ದೆ. ಒಬ್ಬರೂ ಕರೆಯಲಿಲ್ಲ.

ವಯಸ್ಸಾಯಿತು, ಬಣ್ಣ ಕಪ್ಪು, ಸೀರೆಯಾದರೂ ಉಡಬೇಕಿತ್ತೇನೋ ಎಂದು ನನ್ನ ಲೆಕ್ಕ ನಡೆದಿತ್ತು. ಪಕ್ಕದ ಕುರ್ಚಿಯ ಹೆಂಗಸು ಬೀಸಣಿಗೆ ಬೀಸಿಕೊಳ್ಳುತ್ತಾ ಅದನ್ನೆಲ್ಲ ನೋಡುತ್ತಿದ್ದರು. ಎಪ್ಪತ್ತೈದರ ಮೇಲೆ ಇರಬೇಕು. ಕೊನೆಗೆ ನನ್ನ ಮೊಣಕೈ ತಟ್ಟಿದರು.

"ನೇನಾ, ಆ ಫೋನು ಒಳಗಿಡು. ನೀನು ನೋಡ್ತಾನೇ ಇಲ್ಲ. ಯಾರು ಹೇಗೆ ಕರೀಬೇಕು?"

ನೇನಾ ಅಂದರೆ ನಮ್ಮಲ್ಲಿ "ಹುಡುಗಿ" ಎಂದು ಅಕ್ಕರೆಯಿಂದ ಕರೆದ ಹಾಗೆ. ಅಲ್ಲಿನ ಪದ್ಧತಿ ಅವರೇ ಹೇಳಿಕೊಟ್ಟರು. ಹಳೇ ಮಿಲೋಂಗಾಗಳಲ್ಲಿ ಗಂಡಸು ಮೇಜಿನ ಹತ್ತಿರ ಬಂದು ಕೈ ಚಾಚುವುದಿಲ್ಲ. ಮೊದಲು ನೋಟ, ಅದಕ್ಕೆ ಮಿರಾದಾ ಎನ್ನುತ್ತಾರೆ. ಹಾಲಿನ ಆ ಕಡೆಯಿಂದ ಅವನು ನೋಡುತ್ತಾನೆ, ಈ ಕಡೆಯಿಂದ ಇವಳು ನೋಡುತ್ತಾಳೆ. ಕಣ್ಣು ಕೂಡಿದರೆ ಅವನು ತಲೆ ಆಡಿಸುತ್ತಾನೆ, ಅದು ಕಬೆಸೆಯೋ. ಇವಳೂ ತಲೆ ಆಡಿಸಿದರೆ ಒಪ್ಪಿಗೆ. ಬೇಡವೆಂದರೆ ಕಣ್ಣು ಬೇರೆ ಕಡೆ ತಿರುಗಿಸಿದರೆ ಆಯಿತು. ಯಾರಿಗೂ ಅವಮಾನವಿಲ್ಲ, ಯಾಕೆಂದರೆ ಯಾರೂ ಬಾಯಿಬಿಟ್ಟು ಕೇಳಿಯೇ ಇಲ್ಲ.

ಅಂದರೆ, ನೋಡದ ಹೆಂಗಸಿಗೆ ಅಲ್ಲಿ ಕುಣಿತವಿಲ್ಲ.

ಗಂಡಸಿನ ಕಣ್ಣಲ್ಲಿ ಕಣ್ಣಿಟ್ಟು ನೋಡುವವಳು ಒಳ್ಳೆಯವಳಲ್ಲ ಎಂದು ಕಲಿತು ಬೆಳೆದವಳು ನಾನು. ನೆಲ ನೋಡಿಕೊಂಡು ನಡೆಯುವುದರಲ್ಲಿ ಮೂವತ್ತು ವರ್ಷದ ಅನುಭವ. ಎದುರಿನವರು ದಿಟ್ಟಿಸಿದರೆ ದುಪಟ್ಟಾ ಸರಿಮಾಡಿಕೊಳ್ಳುವ ಕೈ ನನ್ನದು, ದುಪಟ್ಟಾ ಇಲ್ಲದಾಗಲೂ ಅದು ಹೆಗಲಿಗೆ ಹೋಗುತ್ತದೆ. ಅಂಥವಳು ಗಂಡಸರನ್ನು ಒಬ್ಬೊಬ್ಬರಾಗಿ ನೋಡಬೇಕು, ಇವರು ಬೇಕಾ ಬೇಡವಾ ಎಂದು ತೀರ್ಮಾನಿಸಬೇಕು! ಮೊದಲ ವಾರ ಕಿವಿ ಬಿಸಿಯಾಗುತ್ತಿತ್ತು. ಒಂದು ದಿನ ಧೈರ್ಯ ಮಾಡಿ ನೋಡಿದೆ, ಆ ಕಡೆಯವರು ತಲೆ ಆಡಿಸಿದರು, ನಾನು ಎದ್ದು ನಿಂತೇಬಿಟ್ಟೆ. ಅವರು ಕರೆದದ್ದು ನನ್ನ ಹಿಂದಿನ ಕುರ್ಚಿಯವಳನ್ನು. ಗಂಡಸು ಬಂದು ಎದುರು ನಿಲ್ಲುವ ತನಕ ಕುರ್ಚಿ ಬಿಡಬಾರದು ಅನ್ನುವ ನಿಯಮ ಯಾಕಿದೆ ಎಂದು ಆಗ ಗೊತ್ತಾಯಿತು. ಬಾತ್‌ರೂಮಿಗೆ ಹೊರಟವಳಂತೆ ನಟಿಸಿ ಹೋಗಿ, ಅಲ್ಲಿ ಹತ್ತು ನಿಮಿಷ ಕೈ ತೊಳೆದೆ.

ಎರಡನೇ ವಾರದ ಹೊತ್ತಿಗೆ ನೋಡುವುದು ರೂಢಿಯಾಯಿತು. ಮೂರನೇ ವಾರ ಅದರ ರುಚಿ ಹತ್ತಿತು. ನನಗೆ ಎಂಥವರು ಹಿಡಿಸುತ್ತಾರೆ ಎಂದು ನನಗೇ ಗೊತ್ತಿರಲಿಲ್ಲ ನೋಡಿ. ಎತ್ತರದವರು ಎಂದುಕೊಂಡಿದ್ದೆ. ಕಣ್ಣು ಹೋಗಿ ಕೂರುತ್ತಿದ್ದುದು ಕುಳ್ಳಗಿನ, ಬೊಕ್ಕತಲೆಯ, ಕೂತಾಗಲೂ ಬೆನ್ನು ನೇರ ಇಟ್ಟುಕೊಳ್ಳುವವರ ಮೇಲೆ. ಮತ್ತೆ ಕೈಗಳ ಮೇಲೆ. ಇಷ್ಟು ದಿನ ಎಲ್ಲಿತ್ತೋ ಈ ಬುದ್ಧಿ.

ಇನ್ನು ಅಪ್ಪುಗೆ. ಟ್ಯಾಂಗೋದಲ್ಲಿ ಹಿಡಿತಕ್ಕೆ ಅಬ್ರಾಸೋ ಎನ್ನುತ್ತಾರೆ, ಅರ್ಥವೇ ಅಪ್ಪುಗೆ. ಎದೆಗೆ ಎದೆ ತಾಗುತ್ತದೆ. ಅವರ ಬಲಗೈ ನನ್ನ ಬೆನ್ನಿನ ಸುತ್ತ, ನನ್ನ ಎಡಗೈ ಅವರ ಹೆಗಲ ಮೇಲೆ. ಹಣೆಗೆ ಕೆನ್ನೆ. ಹಾಡಿನ ಮೊದಲ ಕೆಲವು ಸೆಕೆಂಡು ಯಾರೂ ಹೆಜ್ಜೆ ಇಡುವುದಿಲ್ಲ, ಸುಮ್ಮನೆ ನಿಲ್ಲುತ್ತಾರೆ. ಇಸ್ತ್ರಿ ಮಾಡಿದ ಶರ್ಟಿನ ವಾಸನೆ, ಪೆಪ್ಪರ್‌ಮಿಂಟ್, ಅದರಡಿ ಸ್ವಲ್ಪ ಬೆವರು. ಅವರ ಉಸಿರು ಏರುವುದು ನನ್ನ ಪಕ್ಕೆಲುಬಿಗೆ ತಿಳಿಯುತ್ತದೆ. ಬೆನ್ನಿನ ಮೇಲೆ ಅಂಗೈಯಷ್ಟು ಜಾಗ ಬೆಚ್ಚಗಾಗುತ್ತದೆ. ಹೀಗೆ ಮೂರೋ ನಾಲ್ಕೋ ಹಾಡು, ಅದು ಒಂದು ತಂದಾ. ಹೆಚ್ಚುಕಮ್ಮಿ ಹನ್ನೆರಡು ನಿಮಿಷ. ಆಮೇಲೆ ಸಂಬಂಧವೇ ಇಲ್ಲದ ಬೇರೆ ಸಂಗೀತದ ತುಣುಕೊಂದನ್ನು ಹಾಕುತ್ತಾರೆ, ಅದು ಕೊರ್ತಿನಾ, ಅಂದರೆ ಪರದೆ. ಎಲ್ಲರೂ ಬಿಡಿಸಿಕೊಂಡು ತಂತಮ್ಮ ಕುರ್ಚಿಗೆ. ಅವರ ಹೆಸರೂ ಗೊತ್ತಿರುವುದಿಲ್ಲ.

ಒಬ್ಬ ಹಿರಿಯರು ಮೊದಲ ಹಾಡಿನಲ್ಲೇ ನಿಂತು ಹೇಳಿದರು, "ನನಗೆ ಸಹಾಯ ಮಾಡಬೇಡಿ." ನಾನು ಅವರ ಮುಂದಿನ ಹೆಜ್ಜೆ ಊಹಿಸಿ ಮೊದಲೇ ಕಾಲು ಹಾಕುತ್ತಿದ್ದೆ. ಎದುರಿನವರಿಗೆ ಏನು ಬೇಕೋ ಅವರು ಕೇಳುವ ಮೊದಲೇ ಮಾಡಿಟ್ಟು ಅಭ್ಯಾಸ. ಕಾಯಿರಿ, ಹೆಜ್ಜೆ ಬಂದಾಗ ನಿಮಗೆ ಬೇಕಾದಷ್ಟು ಹೊತ್ತು ತಗೊಳ್ಳಿ, ನಾನು ನಿಂತಿರುತ್ತೇನೆ ಎಂದರು. ಒಂದು ಕಾಲಿನ ಮೇಲೆ ಇಡೀ ಭಾರ ಬಿಟ್ಟು ನಿಂತೆ. ಅಷ್ಟೇ. ಆ ರಾತ್ರಿ ಹಾಸಿಗೆಯಲ್ಲಿ ಮಲಗಿದಾಗಲೂ ತೊಡೆಯಿಂದ ಪಾದದ ತನಕ ಆ ಭಾರ ಇಳಿಯುವುದು ಗೊತ್ತಾಗುತ್ತಿತ್ತು. ನನ್ನ ಮೈಯನ್ನು ನಾನೇ ಮುಟ್ಟಿ ನೋಡಿಕೊಂಡೆ. ನೋವು ಹುಡುಕಲು ಅಲ್ಲ.

ಹೆಂಗಸರ ಜೊತೆಗೂ ಕುಣಿದೆ. ಲಾ ಮಾರ್ಶಲ್ ಎನ್ನುವ ಮಿಲೋಂಗಾದಲ್ಲಿ ಕುಣಿತದಲ್ಲಿ ಯಾರು ಯಾರನ್ನು ಬೇಕಾದರೂ ಮುನ್ನಡೆಸಬಹುದು. ಅಲ್ಲಿ ಒಬ್ಬಳು ನನ್ನ ಕೈಗೆ ತನ್ನ ಬೆನ್ನು ಕೊಟ್ಟು ಕಣ್ಣು ಮುಚ್ಚಿದಳು. ಇನ್ನೊಬ್ಬರ ನಂಬಿಕೆಗೆ ತೂಕ ಇರುತ್ತದೆ, ಅದು ನಿಜವಾಗಿಯೂ ಕೈಗೆ ಗೊತ್ತಾಗುತ್ತದೆ. ಅವಳ ಕುತ್ತಿಗೆಯ ಬೆವರು ನನ್ನ ಕೆನ್ನೆಗೆ ತಾಗಿದಾಗ ಎದೆ ಹೊಡೆದುಕೊಂಡಿತು. ಅದು ಏನು ಎಂದು ಹೆಸರಿಡಲು ಹೋಗಲಿಲ್ಲ.

ಎಲ್ಲ ಸಂಜೆಯೂ ಹೀಗಿರಲಿಲ್ಲ. ಒಮ್ಮೆ ಒಬ್ಬನ ಕೈ ಬೆನ್ನಿನಿಂದ ಕೆಳಗೆ ಇಳಿಯಿತು. ಸರಿಸಿದೆ, ಮತ್ತೆ ಇಳಿಯಿತು. ತಂದಾ ನಡುವೆ "ಗ್ರಾಸಿಯಾಸ್" ಎಂದರೆ ಧನ್ಯವಾದ ಅಂತಲ್ಲ, ಇಲ್ಲಿಗೆ ಸಾಕು ಎಂದರ್ಥ. ನಾನು ಮೊದಲ ಹಾಡಿಗೇ ಗ್ರಾಸಿಯಾಸ್ ಎಂದು ನೆಲ ಬಿಟ್ಟೆ. ಇಡೀ ಹಾಲ್ ನೋಡಿತು. ತಂದಾ ನಡುವೆ ಹೊರಟರೆ ಅದು ಅವನಿಗೆ ಆಗುವ ಅವಮಾನ, ಎಲ್ಲರಿಗೂ ಅರ್ಥವಾಗುತ್ತದೆ. ಬೀಸಣಿಗೆಯ ಅಜ್ಜಿ ಏನೂ ಕೇಳದೆ ನೀರಿನ ಗ್ಲಾಸ್ ನನ್ನ ಕಡೆ ತಳ್ಳಿದರು. ಜೀವಮಾನದಲ್ಲಿ ನಾನು ಯಾವುದನ್ನೂ ನಡುವೆ ಬಿಟ್ಟು ಎದ್ದವಳಲ್ಲ. ಕೆಟ್ಟ ಸಿನಿಮಾವನ್ನೂ ಪೂರ್ತಿ ನೋಡುವವಳು. ಅಲ್ಲಿನ ಟ್ಯಾಂಗೋ ಹೆಂಗಸರು ಈಚೆಗೆ ಗುಂಪು ಕಟ್ಟಿಕೊಂಡು, ಮಿಲೋಂಗಾದಲ್ಲಿ ಕಿರುಕುಳವಾದರೆ ಏನು ಮಾಡಬೇಕು ಎಂದು ನಿಯಮಗಳನ್ನೇ ಬರೆದಿದ್ದಾರೆ. ಕುರ್ಚಿಗೆ ನೇತುಹಾಕಿದ ಎಷ್ಟೋ ಬ್ಯಾಗುಗಳಲ್ಲಿ ಹಸಿರು ಕರ್ಚೀಫು ಕಟ್ಟಿರುತ್ತಿತ್ತು. ಗರ್ಭಪಾತದ ಹಕ್ಕಿಗಾಗಿ ನಡೆದ ಹೋರಾಟದ ಗುರುತು ಅದು. 2020ರ ಡಿಸೆಂಬರ್ 30ರಂದು ಆ ಕಾನೂನು ಪಾಸಾಯಿತು. ಮೈ ನಮ್ಮದು ಎನ್ನುವುದನ್ನು ಬೀದಿಯಲ್ಲಿ ನಿಂತು ಗೆದ್ದವರ ಪಕ್ಕ ನಾನು ಕೂತಿದ್ದೆ.

ಈಗ ಆ "ಸಿಕ್ಕವರ" ವಿಷಯ. ಗಣಿತದ ಮೇಷ್ಟ್ರು. ಕುಳ್ಳಗೆ, ಬೊಕ್ಕತಲೆ, ನೆಟ್ಟಗಿನ ಬೆನ್ನು. ಮದುವೆ ಮುರಿದು ವರ್ಷಗಳಾಗಿತ್ತು. ದಿ ಸಾರ್ಲಿ ವಾದ್ಯಮೇಳದ ಹಾಡು ಬಂದರೆ ಮಾತ್ರ ನನ್ನ ಕಡೆ ನೋಡುತ್ತಿದ್ದರು. ಅದು ನಿಧಾನದ ಸಂಗೀತ, ನಡೆಯಲಿಕ್ಕೆಂದೇ ಮಾಡಿದ್ದು. ಒಂದು ರಾತ್ರಿ ಕೇಳಿದರು, "ಒಂದು ಕಾಫಿ ಕುಡಿಯೋಣವಾ?" ಮಿಲೋಂಗಾದಲ್ಲಿ ಕಾಫಿ ಎಂದರೆ ಬರೀ ಕಾಫಿ ಅಲ್ಲ, ಇದನ್ನೂ ಅಜ್ಜಿ ಮೊದಲೇ ಎಚ್ಚರಿಸಿದ್ದರು. ಇವತ್ತು ಬೇಡ ಎಂದೆ. ಸರಿ ಎಂದರು, ಮುಖ ಸಣ್ಣದಾಗಲಿಲ್ಲ. ಮುಂದಿನ ವಾರವೂ ಕುಣಿದರು, ಮತ್ತೆ ಕೇಳಲಿಲ್ಲ. ಹದಿನೈದು ದಿನ ಬಿಟ್ಟು ನಾನೇ ಕೇಳಿದೆ, "ಕಾಫಿ?"

ನವೆಂಬರ್ ಅದು. ಬೀದಿ ತುಂಬಾ ಜಕರಂಡಾ ಉದುರಿ ನೇರಳೆ ಬಣ್ಣ. ಬೆಳಗಿನ ಜಾವ ನಾಲ್ಕಕ್ಕೆ ಆ ಹೂ ತುಳಿದುಕೊಂಡು ಹೋದೆವು.

ಜಾಸ್ತಿ ಹೇಳುವುದಿಲ್ಲ, ಒಂದು ಹೇಳುತ್ತೇನೆ. ನನ್ನ ಸ್ಪ್ಯಾನಿಷ್ ಹರಕುಮುರುಕು. ಮಾಸ್ ದೆಸ್ಪಾಸಿಯೋ, ಇನ್ನೂ ಮೆಲ್ಲಗೆ. ಅಸೀ, ಹೀಗೇ. ಅಯೀ, ಅಲ್ಲೇ. ಮಗು ನೀರು ಕೇಳಿದ ಹಾಗೆ ಕೇಳಿದೆ. ನಾಚಿಕೆಯಾಗಲಿಲ್ಲ, ಆ ಪದಗಳಿಗೆ ನನ್ನನ್ನು ಬೈದ ಹಿಂದಿನ ನೆನಪುಗಳಿರಲಿಲ್ಲ. ಅವರು ಕೇಳಿದರು, ನಿಮ್ಮ ಭಾಷೆಯಲ್ಲಿ ಇದನ್ನು ಹೇಗೆ ಹೇಳುತ್ತೀರಿ? ಬಾಯಿ ಕಟ್ಟಿತು. ಮೆಲ್ಲಗೆ, ಹೀಗೇ, ಅಲ್ಲೇ. ಈ ಮೂರು ಮಾತನ್ನು ನಾನು ಕನ್ನಡದಲ್ಲಿ ಆಡಿದ್ದು ಮನೆಯಲ್ಲಿ ಬೀರು ಸರಿಸುವಾಗ! ನಗು ತಡೆಯಲಾಗಲಿಲ್ಲ. ಯಾಕೆ ಎಂದು ವಿವರಿಸಿದೆ, ಅವರೂ ನಕ್ಕರು. ಆಮೇಲೆ ದೀಪ ಆರಿಸದೆ, ಕನ್ನಡದಲ್ಲೇ ಹೇಳಿದೆ. ಅವರಿಗೆ ಅರ್ಥವಾಯಿತು.

ಐದು ವಾರ. ಪ್ರೀತಿಯಾ ಎಂದರೆ, ಹೌದು, ಐದು ವಾರದ ಪ್ರೀತಿ. ಟಿಕೆಟ್ ಮೊದಲೇ ಆಗಿತ್ತು, ಇಬ್ಬರಿಗೂ ಗೊತ್ತಿತ್ತು. ಹೊರಡುವಾಗ ಅತ್ತುಬಿಟ್ಟೆ. ಈಗ ಯಾವಾಗಲೋ ಒಮ್ಮೆ ಮೆಸೇಜ್ ಬರುತ್ತದೆ, ಅಷ್ಟೇ.

ಒಬ್ಬಳೇ ಹೋಗುವವರು ಇನ್‌ಬಾಕ್ಸಿನಲ್ಲಿ ಕೇಳುವುದಕ್ಕೆ ಇಲ್ಲೇ ಹೇಳಿಬಿಡುತ್ತೇನೆ. ರಾತ್ರಿ ವಾಪಸ್ ಬರಲು ಆ್ಯಪ್‌ನಲ್ಲೇ ಗಾಡಿ ಮಾಡುತ್ತಿದ್ದೆ. ಎಲ್ಲಿ, ಯಾರ ಜೊತೆ ಇದ್ದೇನೆ ಎಂದು ಒಬ್ಬ ಗೆಳತಿಗೆ ಪ್ರತಿಸಲ ತಿಳಿಸುತ್ತಿದ್ದೆ. ಕಾಂಡೋಮ್ ನನ್ನ ಬ್ಯಾಗಿನಲ್ಲೇ ಇರುತ್ತಿತ್ತು, ಇನ್ನೊಬ್ಬರನ್ನು ನಂಬಿ ಕೂರಲಿಲ್ಲ.

ಅತ್ತಿಗೆಗೆ ಇಷ್ಟನ್ನೂ ಹೇಳಲಿಲ್ಲ. ಮಿಲೋಂಗಾ ಬಗ್ಗೆ ಹೇಳಿದೆ, ಕಣ್ಣಲ್ಲಿ ಕರೆಯುವುದನ್ನು ಹೇಳಿದೆ. ಮೇಷ್ಟ್ರ ವಿಷಯಕ್ಕೆ ಬಂದಾಗ ಮಾತು ನಿಲ್ಲಿಸಿದೆ. ಅವರು ಒತ್ತಾಯಿಸಲಿಲ್ಲ. ಮೂಲೆಯಲ್ಲಿದ್ದ ಬಟ್ಟೆಯ ಚೀಲ ನೋಡಿ, "ಅದೇನೇ?" ಎಂದರು.

ಟ್ಯಾಂಗೋ ಶೂ. ಅದನ್ನು ಬೀದಿಯಲ್ಲಿ ಹಾಕಿಕೊಳ್ಳುವುದಿಲ್ಲ, ಚೀಲದಲ್ಲಿ ಒಯ್ದು ಅಲ್ಲೇ ಬದಲಿಸುತ್ತಾರೆ. ರೆಕೊಲೆತಾ ಬಡಾವಣೆಯ ಅಂಗಡಿಯಲ್ಲಿ ಕೊಂಡದ್ದು, ಕೆಂಪು ಚರ್ಮ, ಎಂಟು ಸೆಂಟಿಮೀಟರ್ ಹಿಮ್ಮಡಿ. ಅತ್ತಿಗೆ ಬಾಗಿಲ ಕಡೆ ಒಮ್ಮೆ ನೋಡಿದರು. ಸೀರೆಯ ನೆರಿಗೆ ಎತ್ತಿ ಹಿಡಿದು ಕಾಲು ತೂರಿಸಿದರು. ಬಕಲ್ ನಾನು ಹಾಕಿದೆ. ಗೋಡೆ ಹಿಡಿದು ಎದ್ದು ನಿಂತು, ಕನ್ನಡಿಯಲ್ಲಿ ಮೊದಲು ಕಾಲು ನೋಡಿಕೊಂಡರು, ಆಮೇಲೆ ಮುಖ.

"ನಂಗೆ ಒಂದು ನಂಬರ್ ದೊಡ್ಡದಾಯ್ತು ಕಣೇ," ಎಂದರು. ಆದರೆ ಬಿಚ್ಚಲಿಲ್ಲ.