ತಾರೀಖಿಲ್ಲದ ಎಂಟುನೂರು ರೂಪಾಯಿ

2024 ನವೆಂಬರ್ 30, ಶನಿವಾರ
ಪಾವಗಡ ತಾಲ್ಲೂಕು

ಬೆಳಿಗ್ಗೆ ಹಾಲು ಕಾಯಿಸುವಷ್ಟರಲ್ಲಿ ಮಡಕಶಿರಾದಿಂದ ಚಿಕ್ಕಮ್ಮನ ಮಗನ ಫೋನು. ಪಿಂಚಣಿ ಬಂತಂತೆ. ನಾಳೆ ಒಂದನೇ ತಾರೀಖು ಭಾನುವಾರ ಬಿದ್ದಿರುವುದರಿಂದ ಆಂಧ್ರದಲ್ಲಿ ಒಂದು ದಿನ ಮೊದಲೇ ಹಂಚುತ್ತಿದ್ದಾರೆ. ಗ್ರಾಮ ಸಚಿವಾಲಯದ ನೌಕರರು ಮನೆ ಬಾಗಿಲಿಗೇ ಬಂದು, ಬೆರಳಚ್ಚು ತೆಗೆದುಕೊಂಡು, ಆರು ಸಾವಿರ ರೂಪಾಯಿ ಎಣಿಸಿ ಕೊಟ್ಟು ಪಕ್ಕದ ಬೀದಿಗೆ ಹೋದರಂತೆ. ಅವನಿಗೂ ಪೋಲಿಯೊ, ನನಗೂ ಪೋಲಿಯೊ. ಅವನಿಗೆ ಬಲಗಾಲು, ನನಗೆ ಎಡಗಾಲು. ಮಿಕ್ಕ ವ್ಯತ್ಯಾಸವೆಲ್ಲ ರಾಜ್ಯದ ಗಡಿಯದು.

'ನಿನಗೆ ಬಂತೇ?' ಎಂದು ಕೇಳಿದ. ಪ್ರತಿ ತಿಂಗಳೂ ಕೇಳುತ್ತಾನೆ. ಅದರಲ್ಲಿ ಕೊಂಕು ಇದೆಯೋ ಕಾಳಜಿ ಇದೆಯೋ ತೀರ್ಮಾನಿಸುವುದನ್ನು ನಾನು ಬಿಟ್ಟಿದ್ದೇನೆ.

ನಕ್ಷೆಯಲ್ಲಿ ನೋಡಿದರೆ ನಮ್ಮ ತಾಲ್ಲೂಕು ತುಮಕೂರು ಜಿಲ್ಲೆಯಿಂದ ಜಾರಿ ಆಂಧ್ರದೊಳಗೆ ಬಿದ್ದಂತೆ ಕಾಣುತ್ತದೆ. ಸುತ್ತ ಹೆಚ್ಚುಕಡಿಮೆ ಆಂಧ್ರವೇ. ಹೆಣ್ಣು ಕೊಡುವುದು, ತರುವುದು, ಸಂತೆ, ಆಸ್ಪತ್ರೆ ಎಲ್ಲವೂ ಗಡಿ ದಾಟಿಯೇ ನಡೆಯುತ್ತವೆ. ಹಾಗಾಗಿ ಬೆಂಗಳೂರಿನವರಿಗೆ ಪತ್ರಿಕೆಯಲ್ಲಿ ಸಿಗುವ ಹೋಲಿಕೆ ನಮಗೆ ಮನೆಯ ಜಗಲಿಯಲ್ಲೇ ಸಿಗುತ್ತದೆ. ಅಲ್ಲಿ ಅಂಗವಿಕಲರ ಪಿಂಚಣಿ ಮೂರು ಸಾವಿರ ಇದ್ದದ್ದು ಈ ಜುಲೈನಿಂದ ಆರು ಸಾವಿರವಾಯಿತು. ಇಲ್ಲಿ ಶೇ 40ರಿಂದ 75ರವರೆಗೆ ವೈಕಲ್ಯ ಇರುವ ನನ್ನಂಥವರಿಗೆ 800, ಅದಕ್ಕಿಂತ ಹೆಚ್ಚಿದ್ದರೆ 1,400. ಶೇ 80 ದಾಟಿದ ಬಡವರಿಗೆ ಕೇಂದ್ರ ಸರ್ಕಾರ ಕೊಡುವ ಪಾಲು 300 ರೂಪಾಯಿ. ಅದು 2012ರಲ್ಲಿ 200ರಿಂದ 300ಕ್ಕೆ ಏರಿದ್ದು, ಅಲ್ಲಿಗೇ ನಿಂತಿದೆ. 2012ರಲ್ಲಿ ಹುಟ್ಟಿದ ಮಗು ಈಗ ಏಳನೇ ತರಗತಿಯಲ್ಲಿದೆ.

ಮೊತ್ತದ ಮಾತು ಇಷ್ಟು ಸಾಕು, ಅದನ್ನು ಎಲ್ಲರೂ ಆಡುತ್ತಾರೆ. ನನ್ನನ್ನು ಕೊರೆಯುವುದು ತಾರೀಖು.

ಪಿಂಚಣಿ ಜಮೆಯಾದ ದಿನಗಳನ್ನು ಪಾಸ್‌ಬುಕ್ಕಿನಲ್ಲಿ ಗುರುತು ಹಾಕಿದ್ದೇನೆ. ಒಮ್ಮೆ ಏಳನೇ ತಾರೀಖು, ಒಮ್ಮೆ ಇಪ್ಪತ್ಮೂರು. ಒಮ್ಮೆ ಒಂದು ತಿಂಗಳು ಪೂರ್ತಿ ಖಾಲಿ, ಮುಂದಿನ ತಿಂಗಳು ಎರಡೂ ಒಟ್ಟಿಗೆ. 'ಒಟ್ಟಿಗೆ ಬಂತಲ್ಲ, ಒಳ್ಳೆಯದೇ ಆಯಿತು' ಎನ್ನುವವರು ತಿಂಗಳ ಸಂಬಳ ಎಣಿಸುವವರು. ಅವರಿಗೆ ಇದು ಅರ್ಥವಾಗುವುದು ಕಷ್ಟ. ಒಂದನೇ ತಾರೀಖಿಗೆ ಖಚಿತವಾಗಿ ಬರುವ ಎಂಟುನೂರನ್ನು ನಂಬಿ ದಿನಸಿ ಅಂಗಡಿಯವನಿಗೆ ಮಾತು ಕೊಡಬಹುದು, ಚೀಟಿಗೆ ಸೇರಬಹುದು, ಕಾಲಿಗೆ ಆಸರೆಯಾಗಿ ಕಟ್ಟುವ ಕ್ಯಾಲಿಪರ್‌ನ ಚರ್ಮದ ಪಟ್ಟಿ ಬದಲಿಸುವವನಿಗೆ 'ಎರಡಕ್ಕೆ ಬರುತ್ತೇನೆ' ಎನ್ನಬಹುದು. ಯಾವಾಗಲೋ ಬರುವ ಎಂಟುನೂರು ಬಂದ ದಿನವೇ ಹಳೆಯ ಸಾಲಕ್ಕೆ ಹೋಗುತ್ತದೆ. ಅದರ ಮೇಲೆ ಬಡ್ಡಿಯೂ ಕೂತಿರುತ್ತದೆ. ನನ್ನ ಲೆಕ್ಕದಲ್ಲಿ ತಾರೀಖಿಲ್ಲದ ಎಂಟುನೂರು ಆರುನೂರೇ.

ಹಿಂದೆ ಮನಿಯಾರ್ಡರ್ ಇದ್ದ ಕಾಲದಲ್ಲಿಯೂ ಇಂಥದ್ದೇ ದಿನ ಎಂದು ಇರಲಿಲ್ಲ. ಆದರೆ ಅಂಚೆಯವರ ಸೈಕಲ್ಲು ಬೀದಿಯ ತುದಿಯಲ್ಲಿ ಕಾಣುತ್ತಿತ್ತು, ಬಾರದಿದ್ದರೆ ನಿಲ್ಲಿಸಿ ಕೇಳಲು ಒಬ್ಬ ಮನುಷ್ಯ ಇದ್ದ. ಈಗ ಹಣ ಬರುವ ದಾರಿಯೇ ಬೇರೆ. ಅರ್ಜಿ ನಾಡಕಚೇರಿಯಲ್ಲಿ, ಮಂಜೂರಾತಿ ಕಂದಾಯ ಇಲಾಖೆಯಲ್ಲಿ, ಪಾವತಿ ಖಜಾನೆಯ ಗಣಕ ವ್ಯವಸ್ಥೆಯಿಂದ, ಅಲ್ಲಿಂದ ಆಧಾರ್ ಸಂಖ್ಯೆಯ ಜಾಡು ಹಿಡಿದು ಬ್ಯಾಂಕಿಗೆ. ಇಷ್ಟು ಕೈ ದಾಟುವ ದಾರಿಯಲ್ಲಿ ಎಲ್ಲಿ ನಿಂತಿದೆ ಎಂದು ಕೇಳಿದರೆ ಪ್ರತಿಯೊಬ್ಬರೂ ಹಿಂದಿನವರನ್ನೋ ಮುಂದಿನವರನ್ನೋ ತೋರಿಸುತ್ತಾರೆ. ಅವರು ಹೇಳುವುದು ಸುಳ್ಳೂ ಅಲ್ಲ.

ಆಧಾರ್ ಜಾಡು ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಬರೆಯಬೇಕು, ಏಕೆಂದರೆ ಇವತ್ತು ಅರ್ಧ ದಿನ ಹೋದದ್ದು ಅದರಲ್ಲೇ. ಫೋನು ಬಲ್ಲವಳು ಎಂಬ ಹೆಸರು ನನಗೆ ಅಂಟಿರುವುದರಿಂದ ಹೊಲಿಗೆ ಯಂತ್ರದ ಮುಂದೆ ಬಟ್ಟೆ ಕೊಡುವವರಿಗಿಂತ ಪಿಂಚಣಿ ಕೇಳುವವರೇ ಹೆಚ್ಚು. ಹತ್ತು ಗಂಟೆಗೆ ಹಿಂದಿನ ಬೀದಿಯ ಅಜ್ಜಿ ಬಂದರು. ಅವರ ಮೊಮ್ಮಗನಿಗೆ ಕಿವಿ ಕೇಳುವುದಿಲ್ಲ. ದಸರೆಯಿಂದ ಹಣವಿಲ್ಲ, ನಿಲ್ಲಿಸಿಬಿಟ್ಟಿದ್ದಾರೆ ಎಂದು ಯಾರೋ ಹೇಳಿದ್ದಾರೆ, ಅಜ್ಜಿ ಊಟ ಬಿಟ್ಟಿದ್ದಾರೆ. ಸರ್ಕಾರ ನೇರವಾಗಿ ಖಾತೆಗೆ ಹಾಕುವ ಹಣದ ವಿವರ ತೋರಿಸುವ ಡಿಬಿಟಿ ಕರ್ನಾಟಕ ಆ್ಯಪ್ ತೆರೆದು ಹುಡುಗನ ಆಧಾರ್ ಸಂಖ್ಯೆ, ಒಟಿಪಿ ಹಾಕಿ ನೋಡಿದೆ. ಹಣ ಹೋಗಿದೆ! ಪ್ರತಿ ತಿಂಗಳಿನದೂ ತಾರೀಖು ಮತ್ತು ಯುಟಿಆರ್ ಸಂಖ್ಯೆ (ಬ್ಯಾಂಕ್ ವರ್ಗಾವಣೆಯ ಗುರುತು ಸಂಖ್ಯೆ) ಸಮೇತ ಕಾಣುತ್ತಿದೆ. ಆದರೆ ಅಜ್ಜಿಯ ಕೈಯಲ್ಲಿದ್ದ ಪಾಸ್‌ಬುಕ್ಕಿನಲ್ಲಿ ಒಂದೂ ಇಲ್ಲ.

ಕಾರಣ ಸರಳ, ಆದರೆ ಯಾರೂ ಮೊದಲೇ ಹೇಳುವುದಿಲ್ಲ. ಹೀಗೆ ಆಧಾರ್ ಮೂಲಕ ಕಳಿಸುವ ಹಣ ನಾವು ಅರ್ಜಿಯಲ್ಲಿ ಬರೆದ ಖಾತೆಗೇ ಬರಬೇಕೆಂದಿಲ್ಲ. ಆಧಾರ್ ಸಂಖ್ಯೆಯನ್ನು ಕೊನೆಯ ಸಲ ಯಾವ ಬ್ಯಾಂಕಿಗೆ ಜೋಡಿಸಿದ್ದೇವೋ ಆ ಬ್ಯಾಂಕಿಗೆ ಹೋಗುತ್ತದೆ. ಹುಡುಗ ದಸರೆಗೆ ಸ್ವಲ್ಪ ಮೊದಲು ವಿದ್ಯಾರ್ಥಿವೇತನಕ್ಕೆಂದು ಬೇರೊಂದು ಬ್ಯಾಂಕಿನಲ್ಲಿ ಖಾತೆ ತೆರೆದಿದ್ದ. ಅಲ್ಲಿ ಅವರು ಕೊಟ್ಟ ಫಾರಂನಲ್ಲಿ ಒಂದು ಚೌಕಕ್ಕೆ ಗುರುತು ಹಾಕಿ ಸಹಿ ಮಾಡಿದ್ದ, ಅಷ್ಟೇ. ಪಿಂಚಣಿ ಅತ್ತ ತಿರುಗಿತು. ಆಧಾರ್ ಜಾಲತಾಣದಲ್ಲಿ ಯಾವ ಬ್ಯಾಂಕಿಗೆ ಜೋಡಣೆ ಇದೆ ಎಂದು ಉಚಿತವಾಗಿಯೇ ನೋಡಬಹುದು. ಬ್ಯಾಂಕಿನ ಹೆಸರು ಕಂಡ ಕೂಡಲೇ ಹುಡುಗ ಹಣೆ ಬಡಿದುಕೊಂಡು ನಕ್ಕ. ಅಜ್ಜಿ ನಗಲಿಲ್ಲ. ಅಲ್ಲಿಯವರೆಗೆ ಅವರು ಬಯ್ದವರ ಪಟ್ಟಿ ಉದ್ದವಿತ್ತು, ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ಉದ್ದೇಶವೂ ಅವರಿಗೆ ಇದ್ದಂತೆ ಕಾಣಲಿಲ್ಲ.

ಅಜ್ಜಿಯ ಬೈಗುಳದಲ್ಲಿ ನ್ಯಾಯ ಇಲ್ಲದೇ ಇಲ್ಲ. 'ಒಂದನೇ ತಾರೀಖಿಗೆ ಬರುತ್ತದೆ' ಎಂಬ ಮಾತು ಇದ್ದಿದ್ದರೆ ಎರಡನೇ ತಾರೀಖಿಗೇ ಅವರು ನನ್ನ ಮನೆಗೆ ಬರುತ್ತಿದ್ದರು. ತಾರೀಖೇ ಇಲ್ಲದಿದ್ದಾಗ ತಡವಾಗಿದೆ ಎಂದು ತಿಳಿಯುವುದು ಯಾವ ದಿನ? ಇನ್ನೆರಡು ದಿನ ನೋಡೋಣ, ಹಬ್ಬ ಕಳೆಯಲಿ, ತಿಂಗಳು ಮುಗಿಯಲಿ ಎನ್ನುತ್ತಾ ಅವರು ಕಾದರು. ಸಾಮಾನ್ಯ ತಡ ಯಾವುದು, ನಿಜವಾದ ತೊಂದರೆ ಯಾವುದು ಎಂದು ಬೇರೆ ಮಾಡುವ ಗೆರೆಯೇ ನಮಗಿಲ್ಲ.

ಟಿವಿಯಲ್ಲಿ ಗೃಹಲಕ್ಷ್ಮಿ ಹಣ ಯಾವಾಗ ಬರುತ್ತದೆ ಎಂಬುದು ಸುದ್ದಿಯಾಗುತ್ತದೆ, ಮಂತ್ರಿಗಳು ಉತ್ತರ ಕೊಡುತ್ತಾರೆ. ಆಗಲಿ, ಒಳ್ಳೆಯದೇ, ಅಮ್ಮನಿಗೂ ಬರುವ ಎರಡು ಸಾವಿರ ಅದು. ನಮ್ಮ ಎಂಟುನೂರು ಸುದ್ದಿಯಾದದ್ದನ್ನು ಮಾತ್ರ ನಾನು ನೋಡಿಲ್ಲ.

ಸಂಜೆ ಅಂಗವಿಕಲರ ಕೆಲಸ ನೋಡಿಕೊಳ್ಳುವ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತೆ ಬಂದಿದ್ದಳು. ಮಂಗಳವಾರ ಡಿಸೆಂಬರ್ 3, ವಿಶ್ವ ಅಂಗವಿಕಲರ ದಿನ. ಕಾರ್ಯಕ್ರಮ ಇದೆ, ಶಾಲು ಇದೆ, ಯಾರಿಗೋ ತ್ರಿಚಕ್ರ ವಾಹನವೂ ಇದೆಯಂತೆ. ನಾನು ಎರಡು ಮಾತು ಆಡಬೇಕಂತೆ, ಮನವಿಯನ್ನೂ ಕೊಡಬಹುದಂತೆ. ಇಬ್ಬರೂ ಕೂತು ಬರೆದೆವು. ಅವಳು ಕಾನೂನು ಓದಿಕೊಂಡವಳು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 24ನೇ ಸೆಕ್ಷನ್ ಹಾಕೋಣ ಎಂದಳು. ಇತರರಿಗೆ ಇರುವ ಅಂಥದ್ದೇ ಯೋಜನೆಗಳಿಗಿಂತ ಅಂಗವಿಕಲರ ನೆರವು ಕನಿಷ್ಠ ಶೇ 25 ಹೆಚ್ಚಿರಬೇಕು ಎನ್ನುತ್ತದೆ ಅದು. ನಮ್ಮ ರಾಜ್ಯದ ವೃದ್ಧರ ಪಿಂಚಣಿ ಯೋಜನೆ ಸಂಧ್ಯಾ ಸುರಕ್ಷಾದಲ್ಲಿ 1,200 ಇದೆ. ಅದರ ಮೇಲೆ ಶೇ 25 ಎಂದರೆ 1,500. ನನಗೆ ಬರುವುದು 800. ಸರ್ಕಾರದ ಆರ್ಥಿಕ ಶಕ್ತಿಯ ಮಿತಿಯಲ್ಲಿ ಎಂಬ ಒಂದು ಮಾತೂ ಅದೇ ಸೆಕ್ಷನ್‌ನಲ್ಲಿ ಇದೆ, ಬಾಗಿಲಿಗೆ ಒಳಗಿನಿಂದ ಚಿಲಕ ಇಟ್ಟಂತೆ. ಆದರೂ ಹಾಕಿದೆವು.

ಜಗಳ ಬಂದದ್ದು ಕ್ರಮದಲ್ಲಿ. ಮೊತ್ತವನ್ನು ಮೊದಲು ಬರೆ, ಜನ ಚಪ್ಪಾಳೆ ತಟ್ಟುತ್ತಾರೆ ಎಂದು ಅವಳ ವಾದ. ತಾರೀಖು ಮೊದಲು ಎಂದು ನನ್ನದು. ಮೊತ್ತ ಹೆಚ್ಚಿಸಿ ಎಂದರೆ ಬಜೆಟ್ ಎನ್ನುತ್ತಾರೆ, ಹಣಕಾಸು ಇಲಾಖೆ ಎನ್ನುತ್ತಾರೆ, ಮಾತು ಮಾರ್ಚ್‌ಗೆ ಹೋಗುತ್ತದೆ. ಕೊಡುತ್ತಿರುವ ಹಣವನ್ನೇ ಐದನೇ ತಾರೀಖಿನೊಳಗೆ ಕೊಡಿ, ರಜೆ ಬಂದರೆ ಹಿಂದಿನ ದಿನ ಹಾಕಿ, ತಡವಾದರೆ ಒಂದು ಸಾಲಿನ ಎಸ್ಸೆಮ್ಮೆಸ್ ಕಳಿಸಿ ಎಂದರೆ ಯಾವ ಖರ್ಚಿನ ನೆಪ ಹೇಳುತ್ತಾರೆ? ಅವಳಿಗೆ ಒಪ್ಪಿಗೆಯಾಗಲಿಲ್ಲ. 'ಎಂಟುನೂರು ಸಮಯಕ್ಕೆ ಬಂದರೆ ಅದಕ್ಕೇ ತೃಪ್ತಿಪಡುತ್ತೀರಿ, ಅದೇ ಅವರಿಗೂ ಬೇಕು' ಎಂದಳು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ, ಈಗಲೂ ಇಲ್ಲ.

ಕೊನೆಗೆ ಎರಡು ಬೇರೆ ಬೇರೆ ಮನವಿ ಮಾಡಿದೆವು. ಮೊತ್ತದ್ದನ್ನು ಅವಳು ಓದುತ್ತಾಳೆ, ತಾರೀಖಿನದು ನನ್ನದು. ಸೋಮವಾರ ಜೆರಾಕ್ಸ್ ಮಾಡಿಸಬೇಕು. ಅದೇ ದಾರಿಯಲ್ಲಿ ಅಜ್ಜಿಯನ್ನೂ ಮೊಮ್ಮಗನನ್ನೂ ಆ ಬ್ಯಾಂಕಿಗೆ ಕರೆದುಕೊಂಡು ಹೋಗಬೇಕು.