ರೇಷ್ಮೆಯನ್ನು ಕಾಯ್ದ ಮರಳು

ಜೂನ್ ಬಂತೆಂದರೆ ಪೂರ್ವ ಚೀನಾದ ಸುಜೌ ಊರಿನ ಗೋಡೆಗಳು ಬೆವರತೊಡಗುತ್ತವೆ. ಪ್ಲಮ್ ಹಣ್ಣು ಮಾಗುವ ಹೊತ್ತಿಗೆ ಹಿಡಿಯುವ ಜಿಟಿಜಿಟಿ ಮಳೆ ವಾರಗಟ್ಟಲೆ ಬಿಡುವುದಿಲ್ಲ. ಧಾರವಾಡದಿಂದ ತಂದ ಇಳಕಲ್ ಸೀರೆಗೆ ಬೂಷ್ಟು ಹತ್ತದಂತೆ ಕಾಯುವುದೇ ಆಗ ನನ್ನ ದೊಡ್ಡ ಕೆಲಸ. ವಿಚಿತ್ರವೆಂದರೆ, ಚೀನಾದ ನಾಲ್ಕು ಹೆಸರಾಂತ ಕಸೂತಿಗಳಲ್ಲಿ ಒಂದಾದ ‘ಸೂ’ ಕಸೂತಿ ಬೆಳೆದದ್ದು ಇದೇ ತೇವದಲ್ಲಿ. ಉಳಿದ ಮೂರು ಹುನಾನ್, ಗ್ವಾಂಗ್‌ಡಾಂಗ್ ಮತ್ತು ಸಿಚುವಾನ್ ಕಡೆಯವು. ಕಾಲುವೆ, ಕೆರೆ, ಹಿಪ್ಪುನೇರಳೆ ಮೂರೂ ಕೈಗೆಟುಕುವ ನಾಡಿನಲ್ಲಿ ರೇಷ್ಮೆ ಕೆಲಸ ಬೆಳೆಯದೆ ಇನ್ನೇನಾದೀತು.

ತೈಹು ಸರೋವರದ ದಂಡೆಯಲ್ಲಿ ಝೆನ್‌ಹು ಎಂಬ ಊರಿದೆ. ಅಲ್ಲಿ ಬೀದಿಗೆ ಬೀದಿಯೇ ಕಸೂತಿಯದು. ಅಂಗಡಿಯೊಂದರಲ್ಲಿ ಚೌಕಟ್ಟಿನ ಮುಂದೆ ಕೂತಿದ್ದ ಅಜ್ಜಿ ಒಂದು ರೇಷ್ಮೆ ಎಳೆಯನ್ನು ಉಗುರಿನ ತುದಿಯಿಂದ ಸೀಳಿ ತೋರಿಸಿದರು. ಎಳೆ ಎರಡಾಯಿತು, ನಾಲ್ಕಾಯಿತು, ಎಂಟಾಯಿತು. ಹದಿನಾರರಲ್ಲೊಂದು ಭಾಗ ನನ್ನ ಅಂಗೈ ಮೇಲೆ ಬಿದ್ದಾಗ ಕಣ್ಣಿಗೆ ಕಾಣಲಿಲ್ಲ, ಬೆಳಕಿಗೆ ಹಿಡಿದರಷ್ಟೇ ಮಿನುಗಿತು. ಬಂಗಾರದ ಮೀನಿನ ಬಾಲಕ್ಕೆ ಬೇಕಾಗುವುದು ಅಂಥದ್ದೇ ಎಳೆ. ದಪ್ಪವಾದರೆ ಬಾಲದ ಹಿಂದೆ ನೀರಿದೆ ಅನ್ನಿಸುವುದಿಲ್ಲ. ಕೈ ಒರಟಾದರೆ ರೇಷ್ಮೆ ಸಿಕ್ಕಿಕೊಳ್ಳುತ್ತದೆ ಎಂದು ಅಜ್ಜಿ ಪಾತ್ರೆ ತಿಕ್ಕುವುದಿಲ್ಲವಂತೆ. ‘ಅದು ನಮ್ಮ ಯಜಮಾನರ ಪಾಲು’ ಎಂದು ನಕ್ಕರು.

ಇಲ್ಲಿನ ಹೆಚ್ಚುಗಾರಿಕೆ ಎರಡೂ ಬದಿಯ ಕಸೂತಿ. ತೆಳು ಬಟ್ಟೆಯ ಈ ಕಡೆಯಿಂದ ನೋಡಿದರೂ ಬೆಕ್ಕು, ಆ ಕಡೆಯಿಂದ ನೋಡಿದರೂ ಬೆಕ್ಕು, ಗಂಟು ಎಲ್ಲೂ ಇಲ್ಲ. ನಮ್ಮ ಧಾರವಾಡದ ಕಸೂತಿಯ ಗವಂತಿ ಹೊಲಿಗೆಯೂ ಹಾಗೇ ಅಲ್ಲವೇ, ಹಿಂದೆ ಮುಂದೆ ಒಂದೇ, ಗಂಟಿಲ್ಲ. ಆದರೆ ನಮ್ಮವರು ಬಟ್ಟೆಯ ಎಳೆ ಎಣಿಸಿ ಗೋಪುರ, ತೇರು ಎಂದು ಗೆರೆಯಲ್ಲಿ ಹಾಕುತ್ತಾರೆ. ಇವರು ಬಣ್ಣ ತುಂಬುತ್ತಾರೆ. ಸುಜೌ ಊರಿನವಳೇ ಆದ ಶೆನ್ ಶೌ (1874–1921) ಪಾಶ್ಚಾತ್ಯ ಚಿತ್ರಗಳ ನೆರಳು-ಬೆಳಕನ್ನು ಸೂಜಿಗೆ ತಂದಾಕೆ. ಆಕೆ ಕಸೂತಿಯಲ್ಲಿ ಬಿಡಿಸಿದ ಇಟಲಿಯ ರಾಣಿಯ ಚಿತ್ರಕ್ಕೆ 1911ರಲ್ಲಿ ಟೂರಿನ್‌ನ ಪ್ರದರ್ಶನದಲ್ಲಿ ಬಹುಮಾನ ಬಂತು.

ಹಾಗಾದರೆ ಸಾವಿರ ವರ್ಷ ಹಿಂದಿನವರು ಹಾಕಿದ್ದೆಲ್ಲ ಎಲ್ಲಿ? ಇಂಥ ತೇವದಲ್ಲಿ ರೇಷ್ಮೆ ಅಷ್ಟು ಕಾಲ ಬಾಳುವುದು ಅಪರೂಪ. ಹಳೆಯದನ್ನು ಕಾಣಬೇಕೆಂದರೆ ಮಳೆಯೇ ಇಲ್ಲದ ಕಡೆ ಹೋಗಬೇಕು. ಅದಕ್ಕೇ ಲಾನ್‌ಝೌನಿಂದ ರಾತ್ರಿ ರೈಲು ಹತ್ತಿ ವಾಯವ್ಯ ಚೀನಾದ ಮರುಭೂಮಿಯಂಚಿನ ದುನ್‌ಹುವಾಂಗ್‌ಗೆ ಹೋದೆವು.

ವರ್ಷಕ್ಕೆ ಸುಮಾರು 40 ಮಿಲಿಮೀಟರ್ ಮಳೆಯ ಊರದು. ಆಗುಂಬೆಯಲ್ಲಿ ಒಂದು ಮಧ್ಯಾಹ್ನಕ್ಕೆ ಅದಕ್ಕಿಂತ ಹೆಚ್ಚು ಸುರಿದೀತು. ಸಮುದ್ರ ಸಾವಿರಾರು ಕಿಲೋಮೀಟರ್ ದೂರ. ದಕ್ಷಿಣಕ್ಕೆ ಟಿಬೆಟ್ ಪ್ರಸ್ಥಭೂಮಿ, ಅದರಾಚೆ ಹಿಮಾಲಯ. ನಮ್ಮ ಕಡೆಯ ಮುಂಗಾರು ಅಷ್ಟನ್ನು ದಾಟಿ ಇಲ್ಲಿಗೆ ಬರಲಾರದು. ಕೋಟ್ಯಂತರ ವರ್ಷಗಳಲ್ಲಿ ಆ ಬೆಟ್ಟಗಳು ಏಳುತ್ತ ಹೋದಂತೆ ಇತ್ತ ನೆಲ ಒಣಗುತ್ತ ಬಂತು. ನದಿಗಳು ತಂದು ಸುರಿದ ಮಣ್ಣುಕಲ್ಲನ್ನು ಗಾಳಿ ಜರಡಿ ಹಿಡಿಯಿತು: ನುಣ್ಣನೆ ಧೂಳು ಪೂರ್ವಕ್ಕೆ ಹಾರಿಹೋಗಿ ಹಳದಿ ನದಿಯ ಸುತ್ತ ಮಣ್ಣಿನ ದಿಬ್ಬಗಳಾಯಿತು, ಮರಳು ಗುಡ್ಡೆಬಿತ್ತು, ಹಾರಲಾರದ ಹರಳುಕಲ್ಲು ಇದ್ದಲ್ಲೇ ಉಳಿಯಿತು. ರೈಲಿನ ಕಿಟಕಿಯಲ್ಲಿ ಕಂಡದ್ದು ಬಹುಪಾಲು ಈ ಹರಳುಕಲ್ಲಿನ ಬಯಲೇ. ಮರುಭೂಮಿಯೆಂದರೆ ಬರೀ ಮರಳುಗುಡ್ಡ ಅಂದುಕೊಂಡು ಬಂದವರಿಗೆ ಮೊದಲು ನಿರಾಸೆಯೇ.

ಊರಿನಿಂದ ಸ್ವಲ್ಪ ದೂರದಲ್ಲಿ ಮೊಗಾವೊ ಎಂಬ ಬೌದ್ಧ ಗುಹೆಗಳು. ಕ್ರಿ.ಶ. 366ರಲ್ಲಿ ಒಬ್ಬ ಭಿಕ್ಷು ಇಲ್ಲಿ ಮೊದಲ ಗುಹೆ ಕೊರೆದನಂತೆ. 17ನೇ ಗುಹೆಯನ್ನು ಹನ್ನೊಂದನೇ ಶತಮಾನದ ಹೊತ್ತಿಗೆ ಯಾರೋ ಗೋಡೆ ಕಟ್ಟಿ ಮುಚ್ಚಿದರು. 1900ರಲ್ಲಿ ಅದು ಕಣ್ಣಿಗೆ ಬಿದ್ದಾಗ ಒಳಗೆ ಹತ್ತಾರು ಸಾವಿರ ಹಸ್ತಪ್ರತಿಗಳ ಜೊತೆ ರೇಷ್ಮೆಯೂ ಸಿಕ್ಕಿತು. ಅದರಲ್ಲೊಂದು ಎಂಟನೇ ಶತಮಾನದ ಕಸೂತಿ, ಆಳೆತ್ತರ ಮೀರಿದ್ದು, ಬಂಡೆಯ ಮುಂದೆ ನಿಂತ ಬುದ್ಧನದು. ರಾಜಗೀರ್‌ನ ಗೃಧ್ರಕೂಟದಲ್ಲಿ ಬೋಧಿಸುವ ಬುದ್ಧನೆಂದೇ ಬಹುಕಾಲ ಹೇಳುತ್ತಿದ್ದರು. ಈ ಊರಿರುವ ಗಾನ್ಸು ಪ್ರಾಂತದ್ದೇ ಒಂದು ಬೆಟ್ಟದಿಂದ ಪವಾಡದಂತೆ ಮೂಡಿದ ಬುದ್ಧ ಎನ್ನುವವರು ಈಗ ಹೆಚ್ಚು. ಹಿಂದಿನ ಹೊಲಿಗೆಯ ಎಳೆಯನ್ನೇ ಸೀಳಿಕೊಂಡು ಸೂಜಿ ಮೇಲೆ ಬರುವ ಹೊಲಿಗೆ ಅದು. ಬುದ್ಧನ ಮುಖ ಹಾಗೇ ಇದೆ. ಅಕ್ಕಪಕ್ಕದ ಇಬ್ಬರು ಶಿಷ್ಯರು ಮಾತ್ರ ಬಹುತೇಕ ಅಳಿಸಿಹೋಗಿದ್ದಾರೆ, ಬಟ್ಟೆ ಮಡಿಚಿದ ಗೆರೆ ಬಿದ್ದದ್ದು ಅವರ ಮೇಲೆಯೇ! ಮಳೆಗಿಂತ ಹೆಚ್ಚಾಗಿ ಆ ಮಡಿಚಿದ ಗೆರೆಯೇ ಅದನ್ನು ಹಾಳುಮಾಡಿದ್ದು. ಇಷ್ಟು ದೂರ ಹೋಗಿ ನಾನು ನೋಡಿದ್ದು ಅದರ ಚಿತ್ರವನ್ನಷ್ಟೇ. 1907ರಲ್ಲಿ ಬಂದ ಪುರಾತತ್ವಜ್ಞ ಆರೆಲ್ ಸ್ಟೈನ್ ಒಯ್ದದ್ದರಲ್ಲಿ ಅದೂ ಸೇರಿ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಹೊಟ್ಟೆ ಉರಿಯಿತು, ಸುಳ್ಳೇಕೆ.

ಒಣ ಹವೆ ಕಾಪಾಡಿತು ಎಂದ ಮಾತ್ರಕ್ಕೆ ಇಲ್ಲಿ ನೀರಿಲ್ಲ ಎಂದಲ್ಲ. ನೀರಿಲ್ಲದಿದ್ದರೆ ರೇಷ್ಮೆ ದಾರಿಯ ವ್ಯಾಪಾರಿಗಳ ಒಂಟೆಗಳ ಸಾಲು ಇಲ್ಲಿ ನಿಲ್ಲುತ್ತಿರಲಿಲ್ಲ, ಭಿಕ್ಷುಗಳೂ ಇರುತ್ತಿರಲಿಲ್ಲ. ದಕ್ಷಿಣದ ಚೀಲ್ಯೆನ್ ಪರ್ವತಗಳ ಹಿಮ ಕರಗಿ ದಾಂಗ್ ನದಿಯಾಗಿ ಬರುತ್ತದೆ, ಊರೆಲ್ಲ ಬದುಕುವುದು ಅದರಿಂದಲೇ. ಆ ನೀರು ಮುಟ್ಟಿದಲ್ಲಿ ಏಪ್ರಿಕಾಟ್, ದ್ರಾಕ್ಷಿ, ಮುಟ್ಟದಲ್ಲಿ ಕಲ್ಲು. ಎರಡರ ನಡುವಿನ ಗಡಿಯನ್ನು ಕಾಲಿನಲ್ಲೇ ದಾಟಬಹುದು.

ಕಲ್ಲಿನ ಕಡೆಯೂ ಬರಿದಲ್ಲ. ಸ್ಯಾಕ್ಸಾಲ್ ಗಿಡಕ್ಕೆ ಎಲೆಯೆಂಬುದು ಹೆಸರಿಗಷ್ಟೇ, ಆಹಾರ ತಯಾರಿಸುವುದು ಹಸಿರು ಕಡ್ಡಿಗಳು. ನನಗೆ ಹಿಡಿಸಿದ್ದು ಹುಯಾಂಗ್ ಎಂಬ ಮರುಭೂಮಿಯ ಪಾಪ್ಲರ್. ಒಂದೇ ಮರದಲ್ಲಿ ಕೆಳಗಿನ ಎಳೆ ಕೊಂಬೆಗಳ ಎಲೆ ಕಡ್ಡಿಯಂತೆ ಕಿರಿದು, ಮೇಲಿನವು ಅಗಲ. ಬೇರು ಹೀರಿದ ಉಪ್ಪು ಕಾಂಡದಲ್ಲಿ ಬಿಳಿ ಹೆಪ್ಪಾಗಿ ಒಸರುತ್ತದೆ. ಹಿಂದೆ ಅದನ್ನೇ ಸೋಡಾ ಬದಲು ಹಿಟ್ಟಿಗೆ ಹಾಕುತ್ತಿದ್ದರಂತೆ. ಇನ್ನೂ ಆಚೆ ಎರಡು ಡುಬ್ಬದ ಕಾಡು ಒಂಟೆಗಳಿವೆ, ಉಪ್ಪುನೀರು ಕುಡಿದು ಬದುಕಬಲ್ಲವು. ಪ್ರವಾಸಿಗರ ಕಣ್ಣಿಗೆ ಅವು ಬೀಳುವುದಿಲ್ಲ, ನಮಗೆ ಸಿಕ್ಕಿದ್ದು ಸವಾರಿಯ ಒಂಟೆಗಳೇ.

ಹೋಗುವ ಮನಸ್ಸಿದ್ದವರಿಗೆ: ಗುಹೆಗಳ ಟಿಕೆಟ್ ಮುಂಚೆಯೇ ಮಾಡಿಸಿ, ದಿನಕ್ಕೆ ಇಷ್ಟೇ ಜನರೆಂದು ಮಿತಿಯಿದೆ. ಮಳೆ ಬಂದರೆ ಬಾಗಿಲು ಹಾಕುತ್ತಾರೆ, ತೇವ ಸೇರಿದರೆ ಗೋಡೆಯೊಳಗಿನ ಉಪ್ಪು ಮೇಲೆದ್ದು ಚಿತ್ರಗಳ ಬಣ್ಣ ಉದುರುತ್ತದೆ. ವಸಂತದಲ್ಲಿ ಮರಳುಗಾಳಿಯ ಕಾಟ, ಸೆಪ್ಟೆಂಬರ್ ಚೆನ್ನ. ಊರಿನ ಹೆಮ್ಮೆಯ ಹಳದಿ ನೂಡಲ್ಸ್ ಬರುವುದು ಕತ್ತೆ ಮಾಂಸದ ಜೊತೆ, ಸಸ್ಯಾಹಾರಿಗಳು ಮೊದಲೇ ಹೇಳಬೇಕು. ಒಣ ಏಪ್ರಿಕಾಟ್ ಕುದಿಸಿ ಮಾಡುವ ಪಾನಕ ಮಾತ್ರ ಎಲ್ಲರಿಗೂ ಆಗುತ್ತದೆ, ನಾವು ನೀರಿನ ಬದಲು ಅದನ್ನೇ ಕುಡಿದೆವು.