ಕಂಡದ್ದು, ಓದಿದ್ದು

ಬಿ.ಎ. ಎರಡನೆಯ ವರ್ಷದಲ್ಲಿ ನಮಗೆ ರೋಮಿನ ಚರಿತ್ರೆಯನ್ನು ಪಾಠ ಮಾಡಿದ ಗುರುಗಳು ಚಕ್ರವರ್ತಿಗಳ ವಂಶಾವಳಿಯನ್ನು ಒಂದೇ ತರಗತಿಯಲ್ಲಿ ಮುಗಿಸಿ, ಮುಂದಿನ ಎರಡು ವಾರ ಗಡೀಪಾರಾದ ಕವಿಯೊಬ್ಬನ ಪದ್ಯಗಳನ್ನು ಇಂಗ್ಲಿಷ್ ಅನುವಾದದಿಂದ ಓದಿ ಕನ್ನಡದಲ್ಲಿ ಬಿಡಿಸಿ ಹೇಳಿದರು. ಆ ಕವಿ ಓವಿಡ್. ಕ್ರಿ.ಶ. 8ರಲ್ಲಿ ಚಕ್ರವರ್ತಿ ಅಗಸ್ಟಸ್ ಅವನನ್ನು ಕಪ್ಪು ಸಮುದ್ರದ ದಡದ ಟೋಮಿಸ್‌ಗೆ, ಎಂದರೆ ಇಂದಿನ ರುಮೇನಿಯಾದ ಕಾನ್‌ಸ್ಟಾಂಟ್ಸಾಕ್ಕೆ, ಅಟ್ಟಿದನು. ಒಂದು ಕಾವ್ಯ, ಒಂದು ತಪ್ಪು ತನ್ನನ್ನು ಕೆಡಿಸಿದವು ಎಂದಷ್ಟೇ ಕವಿ ಹೇಳುತ್ತಾನೆ. ಆ ತಪ್ಪು ಯಾವುದೆಂದು ಊಹಿಸುತ್ತ ಕೂರಲು ಗುರುಗಳು ನಮ್ಮನ್ನು ಬಿಡಲಿಲ್ಲ. ಅವರಿಗೆ ಬೇಕಾಗಿದ್ದುದು ಆ ಊರು: ಇಂದಿನ ಟರ್ಕಿಯ ಕರಾವಳಿಯ ಮಿಲೆಟಸ್‌ನಿಂದ ಬಂದ ಗ್ರೀಕರು ಶತಮಾನಗಳ ಹಿಂದೆ ಕಟ್ಟಿದ ವಸಾಹತು, ಒಳಗೂ ಹೊರಗೂ ಗೇಟೆ ಎಂಬ ಸ್ಥಳೀಯ ಬುಡಕಟ್ಟಿನ ಜನ, ಇವರೆಲ್ಲರ ಮೇಲೆ ರೋಮಿನ ಆಳ್ವಿಕೆ.

ಅವರು ಕರಿಹಲಗೆಯ ನಡುವೆ ಉದ್ದಕ್ಕೆ ಗೆರೆ ಎಳೆದು, ಎಡಕ್ಕೆ ‘ಕಂಡದ್ದು’, ಬಲಕ್ಕೆ ‘ಓದಿದ್ದು’ ಎಂದು ಬರೆಯುತ್ತಿದ್ದರು. ಕವಿ ಅಲ್ಲಿ ಕಣ್ಣಾರೆ ಕಂಡು ಬರೆದದ್ದು ಎಡಕ್ಕೆ, ಹಿಂದಿನವರನ್ನು ಓದಿ ಬರೆದದ್ದು ಬಲಕ್ಕೆ. ಚಳಿಗೆ ಗಟ್ಟಿಯಾದ ದ್ರಾಕ್ಷಾರಸ ಪಾತ್ರೆಯ ಆಕಾರದಲ್ಲೇ ನಿಲ್ಲುತ್ತದೆ, ಅದನ್ನು ತುಂಡುತುಂಡಾಗಿ ಕೊಡುತ್ತಾರೆ ಎಂಬ ವರ್ಣನೆಯನ್ನು ನಾವೆಲ್ಲ ಎಡಕ್ಕೆ ಹಾಕಿಸಿದೆವು. ಗುರುಗಳು ಅದನ್ನು ಒರೆಸಿ ಬಲಕ್ಕೆ ಬರೆದರು. ಕೊಡಲಿಯಿಂದ ದ್ರಾಕ್ಷಾರಸ ಕಡಿಯುವ ಸಿಥಿಯನ್ನರ, ಎಂದರೆ ಕಪ್ಪು ಸಮುದ್ರದ ಉತ್ತರದ ಅಲೆಮಾರಿಗಳ, ಚಿತ್ರವನ್ನು ರೋಮಿನ ಕವಿ ವರ್ಜಿಲ್ ದಶಕಗಳ ಹಿಂದೆಯೇ ಕೊಟ್ಟಿದ್ದನು. ಒಂದು ಕೈಯಲ್ಲಿ ನೇಗಿಲು, ಇನ್ನೊಂದರಲ್ಲಿ ಆಯುಧ ಹಿಡಿದು ಉಳುವ ರೈತ, ಶಿರಸ್ತ್ರಾಣ ತೊಟ್ಟು ಕೊಳಲೂದುವ ಕುರುಬ, ಬಾಗಿಲು ಹಾಕಿದ ಕೋಟೆಯೊಳಗೆ ನಡುಬೀದಿಯಲ್ಲಿ ಸಿಗುವ ಬಾಣಗಳು, ಗೇಟೆ ಧಾಟಿಯ ಗ್ರೀಕ್ ಮಾತು ಮಾತ್ರ ಎಡದಲ್ಲೇ ಉಳಿದವು. ಕವಿ ಮರುಕ ಬೇಡುವುದು ತನಗಾಗಿಯೇ ಆದರೂ ನನ್ನ ಮನಸ್ಸು ಆ ರೈತನ ಬಳಿಗೆ ಹೋಗಿ ನಿಂತಿತು.

ತಮ್ಮ ಊರನ್ನು ಕವಿ ಹೀಗೆ ಪದ್ಯಗಳಲ್ಲಿ ಹಳಿದದ್ದನ್ನು ಊರಿನವರು ಸುಮ್ಮನೆ ಕೇಳಿಕೊಂಡಿರಲಿಲ್ಲ. ಅವರು ಸಿಟ್ಟಾದಾಗ, ತಾನು ಬೈದದ್ದು ನೆಲವನ್ನೇ ಹೊರತು ಜನರನ್ನಲ್ಲ ಎಂದು ಕವಿ ಸಮಜಾಯಿಷಿ ಹೇಳಬೇಕಾಯಿತು. ತನಗೆ ತೆರಿಗೆ ಮನ್ನಾ ಮಾಡಿದವರೂ ಅವರೇ ಎಂದು ಒಪ್ಪಿಕೊಳ್ಳಬೇಕಾಯಿತು. ಅವನು ಗೇಟೆ ಭಾಷೆಯಲ್ಲೇ ಒಂದು ಕವನ ಕಟ್ಟಿ ಓದಿದೆನೆನ್ನುತ್ತಾನೆ. ಆ ಕವನ ನಮಗೆ ಉಳಿದುಬಂದಿಲ್ಲ. ಅದರ ವಸ್ತು, ತನ್ನನ್ನು ಅಟ್ಟಿದ ಅರಸುಮನೆತನದ ಸ್ತುತಿ. ಕೇಳುಗರು ತಲೆಯಾಡಿಸಿದರು, ಬತ್ತಳಿಕೆಗಳನ್ನು ಅಲುಗಿಸಿದರು. ಅವರಲ್ಲೊಬ್ಬ, ಸೀಸರನನ್ನು (ಚಕ್ರವರ್ತಿಯನ್ನು) ಇಷ್ಟು ಹೊಗಳುವ ನಿನ್ನನ್ನು ಸೀಸರನೇ ಹಿಂದಕ್ಕೆ ಕರೆಸಿಕೊಳ್ಳಬೇಕಿತ್ತಲ್ಲ ಎಂದನಂತೆ.

ಇದು ಯಾವ ಕಡೆಗೆ ಎಂದು ಗುರುಗಳು ಕೇಳಿದಾಗ, ತನ್ನನ್ನು ಹಿಂದಕ್ಕೆ ಕರೆಸಿಕೊಳ್ಳಿ ಎಂದು ರೋಮಿಗೆ ಕಳಿಸಿದ ಬೇಡಿಕೆಯನ್ನೇ ಕವಿ ಗೇಟೆಯೊಬ್ಬನ ಬಾಯಲ್ಲಿ ಇಟ್ಟಿದ್ದಾನೆ ಎಂದು ಹಲವರು ವಾದಿಸಿದರು. ನಾನು ‘ಕಂಡದ್ದು’ ಎಂದು ಕೈಯೆತ್ತಿದೆ. ಆ ಮಾತು ಕಟ್ಟಿದ್ದಿರಬಹುದು. ಆದರೆ ಮೆಚ್ಚುಗೆಗೆ ಬತ್ತಳಿಕೆ ಅಲುಗಿಸುವ ಸದ್ದನ್ನು ಅವನು ಕಿವಿಯಾರೆ ಕೇಳಿಯೇ ಬರೆದನೆಂದು ಇಂದಿಗೂ ನಂಬಿದ್ದೇನೆ.